ಉಸಿರು ನೋಡಿದ ಹತ್ತು ದಿನ

ನವೆಂಬರ್ 9, ಬೆಳಿಗ್ಗೆ, ಕುಮಟಾ
ನಾಡಿಶೋಧನ ಮುಗಿಯಿತು. ಇವತ್ತೂ ಎಡಮೂಗು ಕಟ್ಟಿದೆ. ಬ್ಯಾಗು ಅರ್ಧ ತುಂಬಿದೆ. ನಾಳೆಯಿಂದ ಹೆಬಳೆಯಲ್ಲಿ ಹತ್ತು ದಿನದ ಮೌನ ಶಿಬಿರ. ಪ್ರಾಣಾಯಾಮದಲ್ಲಿ ಉಸಿರನ್ನು ಹಿಡಿಯಬೇಕು, ಬಿಡಬೇಕು. ಬುದ್ಧನ ಆನಾಪಾನದಲ್ಲಿ ಸುಮ್ಮನೆ ನೋಡಬೇಕಂತೆ. ಕಲಿಸುವ ಕೃಷ್ಣಾನಂದ ಸರ್ ಹಾಗೆನ್ನುತ್ತಾರೆ. ಎದೆ ಹೊಡೆದುಕೊಂಡು ನಿದ್ದೆ ಬಾರದ ನನಗೆ ಇದೊಂದೇ ದಾರಿಯಂತೆ. ನೋಡೋಣ.

ಹೊನ್ನಾವರದ ತವರಿಗೆ ಫೋನ್ ಮಾಡಿದೆ. ಆಯಿಗೆ ದಮ್ಮು ಜಾಸ್ತಿ. ನಾಲಿಗೆ ಮಾತ್ರ ಚುರುಕು. "ಉಸ್ರು ನೋಡುಕೆ ಹೆಬಳೆಗೆ ಎಂತಕ್ಕೆ ಹೋತೆ? ಇಲ್ಲಿ ಬಾ, ನಂದು ನೋಡು." ಇಬ್ಬರೂ ನಕ್ಕೆವು.

ಅಲ್ಲಿ ಮೊಬೈಲು ಇಸಿದುಕೊಳ್ಳುತ್ತಾರೆ. ಇವರಿಗೆ ಸರ್ ನಂಬರ್ ಕೊಟ್ಟೆ. ಆಯಿಗೆ ಏನಾದರೂ ಆದರೆ ಕರೆಸಲೇಬೇಕು ಎಂದೆ.
"ಎಂತಕ್ಕೆ ಹೆದರ್ತೆ? ನಾನೇ ಕಾರು ತಕಂಡು ಬತ್ತೆ."

ನವೆಂಬರ್ 20
ಆಯಿ ಇಲ್ಲ.
ಆರು ದಿನವಾಯಿತಂತೆ.

ನವೆಂಬರ್ 21
ಬರೆಯದಿದ್ದರೆ ತಲೆ ಒಡೆದುಹೋದೀತು.

ಶಿಬಿರ ಮುಗಿದು ಗೇಟಿಗೆ ಬಂದಾಗ ಇವರು ಕಾರಿನ ಹತ್ತಿರ ನಿಂತಿದ್ದರು. ನಗುತ್ತಲೇ ಹೋದೆ. ಹೊರಟ ಮೇಲೆ ಹೇಳಿದರು. "ಸರ್ ಬ್ಯಾಡ ಅಂದ್ರು. ನಡುವೆ ಎಬ್ಸಿದ್ರೆ ನಿಂಗೆ ಮತ್ತೆ ಎದೆ ಹೊಡ್ಕಳ್ತದೆ ಅಂದ್ರು."

ಸರ್‌ಗೆ ಫೋನ್ ಮಾಡಿದೆ. ದನಿ ಯಾವಾಗಿನಂತೆ ತಣ್ಣಗೆ. "ನಿಮ್ಮ ಯಜಮಾನ್ರೇ ಬ್ಯಾಡ ಅಂದದ್ದು. ಒಳ್ಳೇದೇ ಆತು ಬಿಡಿ. ನೀವು ಆಳಕ್ಕೆ ಇಳ್ದಿದ್ರಿ."

ಒಬ್ಬರ ಮೇಲೊಬ್ಬರು ಹಾಕುತ್ತಿದ್ದಾರೆ. ಸತ್ತವಳು ನನ್ನ ತಾಯಿ.

ಸಂಜೆ
ಈಗ ನೆನಪಾಯಿತು. ಹದಿನಾಲ್ಕರ ಸಂಜೆ ಸರ್ ಮೈತ್ರಿ ಧ್ಯಾನ ಮಾಡಿಸಿದರು. ನಿಮ್ಮ ನಿಮ್ಮ ತಾಯಿಯನ್ನು ನೆನೆಯಿರಿ, ಸುಖವಾಗಿರಲಿ ಅನ್ನಿ, ಎಂದರು. ಅಂದೆ. ಎಂದೂ ಇಲ್ಲದ ಖುಷಿಯಾಗಿತ್ತು... ಆ ಹೊತ್ತಿಗೆ ಆಯಿಯನ್ನು ಸುಟ್ಟಾಗಿತ್ತು. ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿಸಿದರು. ಥೂ.

ನವೆಂಬರ್ 24, ಹೊನ್ನಾವರ
ಹನ್ನೊಂದನೇ ದಿನದ ಕ್ರಿಯೆ ಮುಗಿಯಿತು. ನೆಂಟರು ನನ್ನನ್ನು ಮಾತಾಡಿಸುವುದಿಲ್ಲ. "ಹೆತ್ತವಳಿಗಿಂತ ಧ್ಯಾನ ದೊಡ್ಡದಾತು," ಎಂದು ಹಿತ್ತಲಲ್ಲಿ ಯಾರೋ ಅಂದರು. ನನಗೆ ಕೇಳಲಿ ಎಂದೇ ಅಂದದ್ದು.

ನನಗೆ ತಿಳಿಯಬೇಕಾದದ್ದು ಒಂದೇ — ಕೊನೆಗೆ ಆಯಿ ನನ್ನನ್ನು ಕೇಳಿದಳಾ? ಇವರನ್ನು ಮತ್ತೆ ಮತ್ತೆ ಕೇಳಿದೆ. "ಇಲ್ಲ ಮಾರಾಯ್ತಿ, ನಿದ್ದೆಲೇ ಹೋದ್ರು."

ನವೆಂಬರ್ 25, ಬೆಳಿಗ್ಗೆ
ಅಣ್ಣನ ಹೆಂಡತಿ ಉಮಾ ಅತ್ತಿಗೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮುಖ ನೋಡದೆ ಕೇಳಿದಳು, "ಹೆಬಳೆಯಿಂದ ಹೊರಟು ಮಂಕಿ ಊರಿನವರೆಗೆ ಬಂದು ಎಂತಕ್ಕೆ ತಿರುಗಿ ಹೋದೆ ಗೀತಾ?"

ನನಗೆ ತಲೆಬುಡ ತಿಳಿಯಲಿಲ್ಲ.

"ಆಯಿ ನಿನ್ನೇ ಕೇಳ್ತಾ ಇದ್ರು. ನಿನ್ ಗಂಡ, ದಿನೇಶ ಭಾವನೇ, ಆಯಿ ಕೈ ಹಿಡ್ಕಂಡು ಹೇಳ್ದ್ರು — ಹೊರಟಿದ್ದಾಳೆ, ಮಂಕಿ ದಾಟಿದ್ಳು, ಅಂತ. ಆಯಿ ಬಾಗ್ಲು ಬದಿಗೇ ಮುಖ ಮಾಡ್ಕಂಡು ಕಾದ್ರು. ನಾ ತುಳಸಿ ನೀರು ಬಿಡುಕೆ ಹೋದ್ರೆ ಬಾಯಿ ಮುಚ್ಕಂಡ್ರು. ಗೀತಾ ಬಿಡ್ತಾಳೆ, ಅಂದ್ರು. ಆಮೇಲೆ ಭಾವ ನಮಗೆಲ್ಲ ಹೇಳ್ದ್ರು, ಮೌನ ಮುರಿಬಾರ್ದು ಅಂತ ನೀನೇ ತಿರುಗಿ ಹೋದೆ ಅಂತ."

ನಾನು ಹೊರಟೇ ಇರಲಿಲ್ಲ, ನನಗೆ ಗೊತ್ತೇ ಇರಲಿಲ್ಲ, ಎಂದೆ. ಅತ್ತಿಗೆ ಈಗ ಮುಖ ನೋಡಿದಳು. ನಂಬಿದಳೋ ಇಲ್ಲವೋ.

ಮಂಕಿಯಿಂದ ಇಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂದು ಆಯಿಗೆ ಗೊತ್ತು. ಅಷ್ಟು ಹೊತ್ತು ಕಳೆದ ಮೇಲೆ ನನ್ನ ಬಗ್ಗೆ ಏನೆಂದುಕೊಂಡಳು?

ಇವರು ಜಗಲಿಯಿಂದ ಕರೆಯುತ್ತಿದ್ದಾರೆ. ಅಣ್ಣ, ನೆಂಟರು ಎಲ್ಲ ಅಲ್ಲೇ ಇದ್ದಾರೆ.
"ಗೀತಾ, ಚಾ ಆತು. ಕುಡ್ದು ಸ್ವಲ್ಪ ಧ್ಯಾನಕ್ಕೆ ಕೂತ್ಕ. ಸಮಾಧಾನ ಆತದೆ."

ಹೋಗುತ್ತೇನೆ. ಎಲ್ಲರ ಎದುರೇ ಕೇಳುತ್ತೇನೆ. ಮಂಕಿ ದಾಟಿದವಳು ಎಲ್ಲಿ ಹೋದಳು, ಎಂದು.