ಮುರಿದ ‘ಶೀ’

ಕೊಟ್ಟೂರು, ೧೪-೮-೧೯೭೯, ಮಂಗಳವಾರ

ಆ ಮುದುಕ ಕೈಮುಗಿದದ್ದು ಇನ್ನೂ ಕಣ್ಣ ಮುಂದೆಯೇ ಇದೆ. ಗಂಡನ ಕೊಡಲಿಗೆ ಬಲಿಯಾದ ಗಾಳೆಮ್ಮನ ತಂದೆ. ನಮ್ಮ ವಾರಪತ್ರಿಕೆ ಹಿಡಿದು ಪ್ರೆಸ್ಸಿಗೇ ಬಂದಿದ್ದ. “ಎಲ್ಲಾ ಪೇಪರಿನ್ಯಾಗೂ ನನ್ನ ಮಗಳ ಮಾನ ಕಳದಾರ್ರಿ. ನೀವೊಬ್ರ ಉಳಿಸಿದ್ರಿ,” ಎಂದ.

ನಾನೆಲ್ಲಿ ಉಳಿಸಿದೆ? ‘ಶೀಲ ಶಂಕಿಸಿ ಕೊಚ್ಚಿದ!’ ಎಂದೇ ತಲೆಬರಹ ಕೊಟ್ಟಿದ್ದೆ. ಅಚ್ಚಿನ ಮೊಳೆ ಜೋಡಿಸುವ ಸುಂಕಪ್ಪ, “ದೊಡ್ಡ ‘ಶೀ’ ಮೊಳೆ ಮುರದೈತ್ರಿ, ಬ್ಯಾರೆ ಬರದು ಕೊಡ್ರಿ,” ಅಂದ. ಬೈದುಕೊಂಡೇ ‘ಗಾಳೆಮ್ಮನ ಕೊಲೆ: ಗಂಡನ ಬಂಧನ’ ಎಂದು ಬರೆದುಕೊಟ್ಟೆ.

ಮುದುಕ ಹೋದ ಮೇಲೆ ಮೊಳೆಗಳ ಖಾನೆ ಎಳೆದು ನೋಡಿದೆ. ದೊಡ್ಡ ‘ಶೀ’ ನಾಲ್ಕಿದ್ದವು. ಒಂದೂ ಮುರಿದಿರಲಿಲ್ಲ.

ಸುಂಕಪ್ಪ ತಲೆ ಎತ್ತಲಿಲ್ಲ. ಚಹಾ ತಂದು ಅವನ ಪಕ್ಕ ಇಟ್ಟೆ. ಮಾರಾಯ, ನನ್ನ ಮಾನವನ್ನೂ ನೀನೇ ಉಳಿಸಿದೆ.