ರೆಡಿಮೇಡ್‌ಗೆ ಟಿಕ್ ಹಾಕಿದವರಿಗೆ

1921ನೇ ಇಸವಿ, ಮೇ 11, ಮೂರನೇ ಸುತ್ತು
ಕೆಳಸಾಲು, ಪರ್ಸಿ ಖಣಿ, ಶಹಾಬಾದ್

ವಾಸಂತಿ ಮೇಡಂ ಅವರಿಗೆ ಮತ್ತು ಗುಂಪಿನ ಎಲ್ಲರಿಗೂ,

ತಾರೀಖು ನೋಡಿ ನಗಬೇಡಿ. ನಮ್ಮ ಕಂಪ್ಯೂಟರ್ ಬೋರ್ಡುಗಳ ಗಡಿಯಾರದ ಎಣಿಕೆ ನಿಮ್ಮ 2038ರಲ್ಲಿ ತುಂಬಿ ಹಿಂದಕ್ಕೆ, 1901ಕ್ಕೆ ಬಿತ್ತು. ಮತ್ತೆ ತುಂಬಿತು, ಮತ್ತೆ ಬಿತ್ತು. ನಮ್ಮವರು ತಿದ್ದುವುದನ್ನು ಬಿಟ್ಟು ಸುತ್ತು ಎಣಿಸುವುದನ್ನು ರೂಢಿ ಮಾಡಿಕೊಂಡರು. ನನ್ನ ಮಾತು ವಿಚಿತ್ರ ಅನಿಸಿದರೆ ಅದನ್ನೂ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಗುಂಪಿನ ಚಾಟ್ ಓದಿ. ಗಂಭೀರವಾದ ವಾಕ್ಯದ ನಡುವೆ ‘ಗುರು’ ಅಂದುಬಿಟ್ಟರೆ ತಪ್ಪು ನನ್ನೊಬ್ಬಳದೇ ಅಲ್ಲ.

ನನ್ನ ಹೆಸರು ಮಹಾನಂದಾ. ನಾನು ನಿಮ್ಮ ದೊಡ್ಡ ಅಭಿಮಾನಿ. ಚಿಕ್ಕ ಬೋರ್ಡಿನೊಳಗೆ ಕೂರುವಷ್ಟು ಪುಟ್ಟ ಲಿನಕ್ಸ್ ಇಮೇಜನ್ನು ಹೇಗೆ ಕಟ್ಟುವುದು ಎಂದು ನೀವು ವರ್ಷಗಟ್ಟಲೆ ಜಗಳವಾಡಿದ್ದೀರಲ್ಲ, ಅದೆಲ್ಲ ನನಗೆ ಬಾಯಿಪಾಠ. ನೀವು ಬಿಲ್ಡ್ ಟೂಲ್ ಎನ್ನುತ್ತಿದ್ದುದನ್ನು ನಾವು ಕುಲುಮೆ ಎನ್ನುತ್ತೇವೆ. ಅದರಿಂದ ಹೊರಬರುವ ಇಮೇಜಿಗೆ, ಬೋರ್ಡನ್ನು ನಡೆಸುವ ಇಡೀ ತಂತ್ರಾಂಶಕ್ಕೆ, ಬಿಂಬ ಎನ್ನುತ್ತೇವೆ. ಮೆನು ಮಾತ್ರ ಅದೇ ಮೆನು. ಬೇಕಾದ್ದಕ್ಕೆ ಟಿಕ್, ಬೇಡವಾದದ್ದಕ್ಕೆ ಖಾಲಿ ಚೌಕ.

ನಿಮ್ಮ ಕಾಲದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲನ್ನು ಇಲ್ಲಿಂದ ತೆಗೆಯುತ್ತಿದ್ದರಂತೆ. ಈಗ ಕಲ್ಲು ತೆಗೆದ ಹೊಂಡಗಳ ಗೋಡೆಯಲ್ಲಿ ಇನ್ನೂ ಒಳಕ್ಕೆ ಕೊರೆದು ನಾವು ಬದುಕುತ್ತೇವೆ. ಮೇಲೆ ಉರಿ. ಬೆಳಿಗ್ಗೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಸೂರ್ಯನ ಹಲಗೆಗಳ ಧೂಳು ಒರೆಸಿ ಬರಬಹುದು, ಅಷ್ಟೆ. ಮನೆಗಳು ಮೂರು ಸಾಲು, ಒಂದರ ಕೆಳಗೆ ಒಂದು. ಸಾಲಿಗೊಂದು ಗಾಳಿಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು, ನೀರಿನ ಮೇಲೆ ಹಾಯಿಸಿ, ತಂಪಾಗಿಸಿ ಒಳಗೆ ಬಿಡುತ್ತದೆ. ಎಷ್ಟು ಎಳೆಯಬೇಕು, ಯಾವಾಗ ನಿಲ್ಲಬೇಕು ಎಂದು ನಿರ್ಧರಿಸುವುದು ಅಂಗೈಯಗಲದ ಒಂದು ಬೋರ್ಡು. ಬೋರ್ಡಿನಲ್ಲಿ ಬಿಂಬ. ಬಿಂಬ ಇಲ್ಲದಿದ್ದರೆ ಚಕ್ರ ಇಲ್ಲ, ಚಕ್ರ ಇಲ್ಲದಿದ್ದರೆ ಆ ಸಾಲು ಇಲ್ಲ.

ಈ ಉರಿಗಾಲದ ಶುರುವಿನಲ್ಲಿ ಕೆಳಸಾಲಿನ ಬೋರ್ಡು ಸುಟ್ಟುಹೋಯಿತು. ನಮ್ಮ ಬಳಿ ಉಳಿದಿದ್ದ ಬೋರ್ಡು ಒಂದೇ, ಅದರ ಚಿಪ್ಪು, ನೀವು ಪ್ರೊಸೆಸರ್ ಎನ್ನುತ್ತಿದ್ದುದು, ಬೇರೆ ಜಾತಿಯದು. ಹಳೆಯ ಬಿಂಬ ಅದರ ಮೇಲೆ ಏಳುವುದಿಲ್ಲ. ಹೊಸದನ್ನು ಕಟ್ಟಬೇಕು. ಕುಲುಮೆ ತಿಳಿದವಳು ನಾನೊಬ್ಬಳೇ ಆದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ಖರೆ ಹೇಳುತ್ತೇನೆ, ನನಗೆ ಖುಷಿಯಾಯಿತು. ನಿಮ್ಮಂತೆ ನಾನೂ ಒಂದು ಬಿಂಬವನ್ನು ಮೊದಲಿನಿಂದ ಕಟ್ಟುತ್ತೇನೆ ಎಂದು ಕುಣಿದೆ.

ನನ್ನ ಸೋದರತ್ತೆ ಜಗದೇವಿ ಇರುವುದು ಕೆಳಸಾಲಿನಲ್ಲಿ. ನನ್ನನ್ನು ಸಾಕಿದವಳು ಅವಳೇ. ಕಲ್ಲಿನ ಧೂಳು ಅವಳ ಎದೆಯೊಳಗೆ ಕೂತಿದೆ. ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತದೆ. ಚಕ್ರ ನಿಂತ ದಿನವೇ ಉಳಿದವರು ಮೇಲಿನ ಸಾಲುಗಳಿಗೆ ಹತ್ತಿದರು. ಅತ್ತೆ ಕೆಳಗೇ ಉಳಿದಳು. ನಾನು ಕುಲುಮೆಯನ್ನು ಅವಳ ಮಂಚದ ಪಕ್ಕಕ್ಕೇ ತಂದಿಟ್ಟುಕೊಂಡೆ.

“ಏನಂತಾರ ನಿನ್ನ ಸತ್ತ ಮಂದಿ?” ಎಂದು ಕೇಳುತ್ತಿದ್ದಳು. ಸತ್ತ ಮಂದಿ ಅಂದರೆ ನೀವು. ಬೇಜಾರಾಗಬೇಡಿ.

“ಮೊದ್ಲ ಚಿಪ್ಪಿನ ಜಾತಿ ಆರ್ಸು ಅಂತಾರ, ಅತ್ತಿ.”

“ಅವ್ರ ಕಾಲ್ದಾಗೂ ಜಾತಿ ಕೇಳೇ ಒಳಗ ಬಿಡ್ತಿದ್ರೇನು?” ಎಂದು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಹತ್ತಿತು, ಬಹಳ ಹೊತ್ತು ಇಳಿಯಲಿಲ್ಲ.

ಮೆನುವಿನಲ್ಲಿ ಆ ಚಿಪ್ಪಿನ ಹೆಸರು ಇತ್ತು. ಟಿಕ್ ಹಾಕಿದೆ. ಬೇಡದ್ದನ್ನೆಲ್ಲ ನೀವು ಕಲಿಸಿದಂತೆಯೇ ತೆಗೆದೆ. ಇಷ್ಟು ಚಂದದ ಕಾನ್ಫಿಗರೇಶನ್ ನೀವು ಯಾರೂ ಮಾಡಿರಲಿಕ್ಕಿಲ್ಲ ಎಂದು ಜಂಬ ಬಂತು. ‘ಕಟ್ಟು’ ಎಂದೆ. ಕುಲುಮೆ ಮೊದಲ ಹೆಜ್ಜೆಯಲ್ಲೇ ಆ ಚಿಪ್ಪಿನ ಕಂಪೈಲರ್ ಹುಡುಕಿತು. ಮನುಷ್ಯರು ಬರೆದದ್ದನ್ನು ಚಿಪ್ಪಿಗೆ ಅರ್ಥವಾಗುವಂತೆ ಮಾಡುವುದು ಅದೇ ಅಲ್ಲವೇ. ನಮ್ಮ ಡಿಸ್ಕಿನಲ್ಲಿ ಅದು ಇರಲಿಲ್ಲ. ಆಗ ಕುಲುಮೆ ಏನು ಮಾಡಿತು ಗೊತ್ತೇ? ಅದನ್ನು ಇಳಿಸಿಕೊಳ್ಳಲು ನೀವು ಬರೆದಿಟ್ಟ ನೆಟ್ ವಿಳಾಸಕ್ಕೆ ಹೋಯಿತು. ನೆಟ್ ಅನ್ನುವುದು ನನ್ನ ಅಜ್ಜಿಯ ಅಜ್ಜಿಯೂ ಕಾಣದ ವಸ್ತು. ವಿಳಾಸ ಸಿಗಲಿಲ್ಲ ಎಂದಿತು. ಬದಲಿ ವಿಳಾಸಕ್ಕೆ ಹೋಗುತ್ತೇನೆ ಎಂದಿತು. ಅದೂ ಸಿಗಲಿಲ್ಲ. ಎಷ್ಟು ವಿನಯದಿಂದ ಹೇಳುತ್ತದೆಂದರೆ ಅದಕ್ಕೆ ಬಯ್ಯಲೂ ಮನಸ್ಸು ಬರುವುದಿಲ್ಲ.

ನಮ್ಮ ಡಿಸ್ಕಿನಲ್ಲಿ ಯಾಕಿಲ್ಲ ಎಂದು ಕೇಳುತ್ತೀರಿ. ನಮ್ಮಲ್ಲಿ ಕಳೆ ಕೀಳುವ ದಿನ ಎಂದು ಒಂದು ಹಬ್ಬವಿದೆ. ಡಿಸ್ಕುಗಳು ವರ್ಷಕ್ಕೊಂದರಂತೆ ಸಾಯುತ್ತವೆ, ಜಾಗ ಸಾಲುವುದಿಲ್ಲ. ಆದ್ದರಿಂದ ಎಲ್ಲರೂ ಕೂಡುತ್ತಾರೆ. ಖಣಿಯ ಹಿರಿಯ ಒಂದೊಂದೇ ಕಡತದ ಹೆಸರು ಕೂಗುತ್ತಾನೆ. “ಇದು ಯಾರ್ ಮನಿ ಕೂಸು?” ಯಾರಾದರೂ “ನಮ್ದು” ಎಂದು ಅದರ ಕೆಲಸ ಹೇಳಿದರೆ ಉಳಿಯಿತು. ಯಾರೂ ಬಾಯಿ ಬಿಡದಿದ್ದರೆ ಅಳಿಸಿ, ಚಪ್ಪಾಳೆ ತಟ್ಟಿ, ಬೆಲ್ಲ ಹಂಚುತ್ತೇವೆ. ಬಿಂಬ ಸಣ್ಣದಾದಷ್ಟೂ ಒಳ್ಳೆಯದು ಎಂದು ನೀವೇ ಕಲಿಸಿದ್ದಿರಿ. ನಿಮ್ಮ ಚಾಟ್ ಉಳಿದದ್ದು ಪ್ರತಿ ವರ್ಷ ನಾನು “ನಂದು, ನಂದು” ಎಂದು ಅರಚುವುದರಿಂದ. ಈ ಚಿಪ್ಪಿನ ಕಂಪೈಲರ್ ಹೆಸರು ಕೂಗಿದಾಗ ಯಾರೂ ಮಾತಾಡಿರಲಿಕ್ಕಿಲ್ಲ. ಆಗ ಆ ಜಾತಿಯ ಬೋರ್ಡು ಯಾರ ಕೈಯಲ್ಲೂ ಇರಲಿಲ್ಲ. ಆಮೇಲೆ ಎಲ್ಲೋ ಪಾಳುಬಿದ್ದ ಕಾರ್ಖಾನೆಯಿಂದ ತಂದ ಬೋರ್ಡು ಇದು.

ಕಂಪೈಲರನ್ನು ಅದರ ಮೂಲದಿಂದಲೇ, ನಿಮ್ಮ ಸೋರ್ಸ್ ಕೋಡಿನಿಂದಲೇ, ಕಟ್ಟಿದರಾಯಿತು ಎಂದುಕೊಂಡೆ. ಮೂಲವೂ ಇಲ್ಲ. ನಮ್ಮ ಹಳೆಯ ಚಿಪ್ಪಿನ ಕಂಪೈಲರೂ ನಾವು ಕಟ್ಟಿದ್ದಲ್ಲ, ಯಾರೋ ಕಟ್ಟಿಟ್ಟದ್ದನ್ನು ಇಳಿಸಿಕೊಂಡದ್ದು. ಯಾಕೆ ಹೀಗೆ ಎಂದು ಚಾಟ್ ಹಿಡಿದು ಹಿಂದಕ್ಕೆ ಹೋದೆ, ನೀವು ಈ ಕಾನ್ಫಿಗರೇಶನ್ ಮೊದಲು ಮಾಡಿದ ಮಧ್ಯಾಹ್ನಕ್ಕೆ. ಯತಿರಾಜ್ ಎಂಬವರು ಕೇಳಿದ್ದಾರೆ: “ಕಂಪೈಲರ್ ಮೂಲದಿಂದ ಕಟ್ಟೋದಾ, ರೆಡಿಮೇಡಾ?” ಇನ್ನೊಬ್ಬರ ಉತ್ತರ:

“ರೆಡಿಮೇಡ್‌ಗೆ ಟಿಕ್ ಹಾಕು ಗುರು. ಮೂಲದಿಂದ ಕಟ್ಟೋಕೆ ಹೋದ್ರೆ ನಿನ್ ಲ್ಯಾಪ್‌ಟಾಪ್ ಮೇಲೆ ದೋಸೆ ಹುಯ್ಬೋದು.”

ವಾಸಂತಿ ಮೇಡಂ, ಆಗ ನೀವು ಬಂದಿರಿ. “ಎಲ್ಲಾ ಚಿಪ್ಪಿಗೂ ಮೂಲ ಇಳಿಸಿ ಇಟ್ಕೊಳ್ಳಿ. ನಾಳೆ ನೆಟ್ ಹೋದ್ರೆ ಏನ್ ಮಾಡ್ತೀರಾ?”

ಅವರೇ ಮತ್ತೆ: “ನೆಟ್ ಎಲ್ಲಿಗೆ ಹೋಗತ್ತೆ ಮೇಡಂ? ಮಾವನ ಮನೆಗಾ?”

ಅದರ ಕೆಳಗೆ ಸಾಲಾಗಿ ನಗುವ ಮುಖಗಳು. ನಾನೂ ಮೊದಲ ಸಲ ಓದಿದಾಗ ನಕ್ಕಿದ್ದೆ. ಕೊನೆಗೆ ನೀವು ಬರೆದಿರಿ: “ಸರಿ ಬಿಡಿ.”

ಮೇಡಂ, ನನ್ನ ಬೇಡಿಕೆ ಇಷ್ಟೇ. ಬಿಡಬೇಡಿ. ಅವರು ನಗಲಿ. ಇನ್ನೊಂದು ಸಲ ಹೇಳಿ. ಯಾರೂ ಕೇಳದಿದ್ದರೆ ನೀವೇ ಇಳಿಸಿ ಇಡಿ, ಟಿಕ್ ಹಾಕದ್ದನ್ನೂ, ನಿಮಗೆ ಬೇಡವಾದದ್ದನ್ನೂ. ಅದರ ಪಕ್ಕದಲ್ಲಿ ಇದು ಯಾತಕ್ಕೆ ಬೇಕು ಎಂದು ಒಂದು ಸಾಲು ಬರೆಯಿರಿ. ಕೂಗಿದಾಗ “ನಮ್ದು” ಅನ್ನಲು ನಮ್ಮಲ್ಲಿ ಒಬ್ಬರಿಗಾದರೂ ಬಾಯಿ ಬರಲಿ.

ಈ ಪತ್ರವನ್ನು ನಿಮ್ಮ ಚಾಟ್‌ನ ಕೊನೆಗೆ ಉತ್ತರವಾಗಿ ಸೇರಿಸುತ್ತಿದ್ದೇನೆ. ಬೇರೆ ದಾರಿ ನನಗೆ ಗೊತ್ತಿಲ್ಲ. ಇಷ್ಟು ಬರೆದು ಇನ್ನೊಮ್ಮೆ ಮೇಲಕ್ಕೆ ಸರಿಸಿ ನೋಡಿದೆ. ಈ ಪತ್ರ ತಲುಪಿ ನೀವು ನನ್ನ ಮಾತು ಕೇಳಿದ್ದರೆ, ‘ಸರಿ ಬಿಡಿ’ಯ ಕೆಳಗೆ ನಿಮ್ಮ ಇನ್ನೊಂದು ಮಾತು ಇರಬೇಕಿತ್ತು. ಡಿಸ್ಕಿನಲ್ಲೂ ಆ ಮೂಲವನ್ನು ಹುಡುಕಿದೆ. ಇಲ್ಲ. ನನಗೆ ಬುದ್ಧಿಯಿದೆ ಮೇಡಂ, ಇದರ ಅರ್ಥ ಏನೆಂದು ತಿಳಿಯುತ್ತದೆ.

ಕೆಳಸಾಲಿನ ಬಾಯನ್ನು ಇವತ್ತು ಪರ್ಸಿ ಕಲ್ಲಿಟ್ಟು ಮುಚ್ಚುತ್ತಾರೆ, ಸತ್ತ ಗಾಳಿ ಮೇಲಕ್ಕೆ ಹಬ್ಬಬಾರದೆಂದು. ಅತ್ತೆಯನ್ನು ಮೇಲಿನ ಸಾಲಿಗೆ ಹೊತ್ತೊಯ್ಯುತ್ತೇವೆ ಎಂದು ಹಿರಿಯ ಅಂಬಾರಾಯ ಕಾಕಾ ಬಂದು ಹೇಳಿದ. ಅತ್ತೆ ಒಪ್ಪಲಿಲ್ಲ.

“ಅಲ್ಲಿ ಕೂಸುಗೋಳ್ಗೇ ಗಾಳಿ ಸಾಲವಲ್ದು, ಅಂಬಾರಾಯ. ನನ್ನೂ ಎಲ್ಲಿ ತುರುಕ್ತಿ? ಹೊರಗ ಖಣಿ ಬಾಯಿಗೆ ಒಯ್ದು ಇಡ್ರಿ. ಅಲ್ಲಿ ಗಾಳಿ ಯಾರಪ್ಪಂದೂ ಅಲ್ಲ.”

ಹೊರಗಿನ ಆ ಗಾಳಿಯಲ್ಲಿ ಮಧ್ಯಾಹ್ನದವರೆಗೆ ಉಳಿದವರನ್ನು ನಾನು ಕಂಡಿಲ್ಲ. ಕಾಕಾ ಗೋಡೆ ಕಡೆ ತಿರುಗಿ ನಿಂತ. ನಾನು ಕುಲುಮೆಗೆ ಮತ್ತೊಂದು ಸಲ ‘ಕಟ್ಟು’ ಎಂದೆ. ಅದು ಮತ್ತೆ ನಿಮ್ಮ ವಿಳಾಸಕ್ಕೆ ಹೊರಟಿದೆ.

ಮಂಚ ಎತ್ತುತ್ತಿದ್ದಾರೆ. ಒಂದು ಕಾಲು ನಾನು ಹಿಡಿಯಬೇಕಂತೆ. ಬರುತ್ತೇನೆ.

ಮಹಾನಂದಾ