ಇಪ್ಪತ್ಮೂರು ದಿನದ ಅಮೂಲ್ಯ

ಕೌತಾಳಂ
24 ನವೆಂಬರ್ 2024, ಭಾನುವಾರ

ನನ್ನ ಹರ್ಷಿತಾಗ,

ನಾವೆಲ್ಲ ಇಲ್ಲಿ ಆರಾಮ ಅದೀವಿ. ನಿನ್ನ ಪತ್ರ ಬಂದು ಎರಡು ವಾರ ಆತು, ಉತ್ತರ ಬರಿಯೋದು ತಡ ಆತು, ಸಿಟ್ಟಾಗಬ್ಯಾಡ. ಹಾಸ್ಟೆಲ್‌ನಾಗ ಫೋನ್ ಇಟ್ಟುಕೊಳ್ಳಾಕ ಬಿಡೋದಿಲ್ಲ ಅಂತ ನೀನು ಬೈಕೊಂಡಿದ್ದಿ. ನನಗ ಅದ ಛಲೋ ಆತು ನೋಡು, ಫೋನಿನಾಗ ಇಷ್ಟೆಲ್ಲ ಹೇಳಾಕ ಆಗತಿರಲಿಲ್ಲ. ಈಗ ಹತ್ತಿ ಬಿಡಿಸೋ ದಿನ. ಹಗಲೊತ್ತು ಊರಾಗ ಯಾರೂ ಸಿಗಂಗಿಲ್ಲ, ಕೂಸುಗಳಿಗೆ ಸೂಜಿ ಹಾಕಾಕ ನಾನ ಹೊಲಹೊಲ ತಿರಗತೀನಿ.

ನಿಮ್ಮಪ್ಪ ನಿನ್ನ ಪತ್ರ ಎರಡು ಸಲ ಓದಿದರು. ಸೂರ್ಯ ಆರಾಕ ಇನ್ನೂ ಐನೂರು ಕೋಟಿ ವರ್ಷ ಐತಂತ, ಅಷ್ಟರಾಗ ಆಕಿ ಇಂಟರ್ ಓದು ಮುಗೀತೈತಿ ಬಿಡು ಅಂತ ನಕ್ಕರು. ನಾನು ನಗಲಿಲ್ಲ.

ನಕ್ಷತ್ರಗಳು ಒಂದೊಂದ ಆರಿಹೋಗತಾವು, ಕಡೀಗೆ "ಅಂತಾ ಚಲ್ಲಬಡಿಪೋತುಂದಿ" ಅಂತ ನಿಮ್ಮ ಫಿಜಿಕ್ಸ್ ಸಾರು ತೆಲುಗಿನಾಗ ಹೇಳಿದರಂತಲ್ಲ. ಎಲ್ಲಾ ತಣ್ಣಗಾಗೋದ ಖರೆ ಆದರ ಯಾಕ ಓದಬೇಕು, ಯಾಕ ತಲಿ ಬಾಚಬೇಕು ಅಂತ ಬರದಿ. ನೀನು ಪರೀಕ್ಷೆಗೆ ಕೂಡಲಿಲ್ಲ ಅಂತ ವಾರ್ಡನ್ ಮೇಡಮ್ಮೂ ಫೋನ್ ಮಾಡಿದ್ದರು. ಸಾರು ಹೇಳಿದ್ದು ಖರೆನ ಇರಬೇಕು, ನಾನು ಎದುರಾಡೋದಿಲ್ಲ. ಆದರ ಹೋಗೋದು ಗೊತ್ತಿದ್ದೂ ಹೆಂಗ ಬದುಕಬೇಕು ಅನ್ನೋದನ್ನ ಒಂದು ಮನಿಯಾಗ ಕಣ್ಣಾರೆ ನೋಡಿದೀನಿ. ಅದನ್ನ ಕೇಳು.

ನಮ್ಮ ಆರೋಗ್ಯ ಸೆಂಟರಿನ ಹಿಂದಿನ ಓಣಿಯಾಗ ಕುರಿ ಸಾಕೋ ಉಚ್ಚೀರಪ್ಪ ತಾತ ಅದಾನಲ್ಲ, ಅವನ ಸೊಸಿ ಅಶ್ವಿನಿಗೆ ಹೋದ ತಿಂಗಳು ಹೆಣ್ಣುಕೂಸು ಹುಟ್ಟಿತು. ಹುಟ್ಟಿದಾಗಲೇ ತುಟಿ, ಉಗುರು ನೀಲಿ ಇದ್ದವು. ನಾನ 108 ಕರಸಿ ಕರ್ನೂಲಿಗೆ ಕರಕೊಂಡು ಹೋದೆ. ಹೃದಯ ಅರ್ಧನ ಬೆಳೆದೈತಿ, ಏನು ಮಾಡಿದರೂ ಉಳಿಯೋದಿಲ್ಲ, ಹೆಚ್ಚಂದರ ಒಂದು ತಿಂಗಳು ಅಂತ ಡಾಕ್ಟರು ಕುಂದರಿಸಿಕೊಂಡು ತಿಳಿಸಿ ಹೇಳಿದರು. ಐದನೇ ದಿನ ಮನಿಗೆ ಬಂದ್ವಿ.

ಹನ್ನೊಂದನೇ ದಿನಕ್ಕ ತೊಟ್ಟಿಲು ಕಟ್ಟಬೇಕೋ ಬ್ಯಾಡೋ ಅಂತ ಮನಿಯಾಗ ಜಗಳ ಎದ್ದಿತು. ಉಚ್ಚೀರಪ್ಪ ತಾತ ಬ್ಯಾಡಂದ. ಕೆಟ್ಟವ ಅಲ್ಲ ಅವ. ಸೊಸಿ ಮಾಯೆ ಹಚ್ಚಿಕೊಂಡು ಆಮ್ಯಾಲೆ ಎದ್ದೇಳೋದಿಲ್ಲ ಅಂತ ಹೆದರಿದ್ದ. ಅವನ ಹೆಂಡತಿ ಪೀರಮ್ಮ ನನ್ನ ಕರೆಸಿದಳು. ನಾನು ಹೋದಾಗ ಅಶ್ವಿನಿ ಕೂಸಿನ ಬಾಯಿಗೆ ಹನಿ ಹನಿ ಹಾಲು ಬಿಡತಿದ್ದಳು, ಯಾರ ಮಾತಿಗೂ ತಲಿ ಎತ್ತಲಿಲ್ಲ.

"ಹೋಗೋ ಕೂಸಿಗೆ ಹೆಸರ್ಯಾಕ ಮೇಡಮ್?" ಅಂತ ತಾತ ನನ್ನ ಕೇಳಿದ.

ಅದಕ್ಕ ಪೀರಮ್ಮ ಹೇಳಿದಳು: "ಇವತ್ತು ಅಳತಾಳ. ಇವತ್ತು ಏನಂತ ಕರದು ಸುಮ್ಮನಿರಸಲಿ?"

ತಾತ ಎದ್ದು ಕುರಿಹಟ್ಟಿ ಕಡೆ ಹೋದ. ಬಾಳೊತ್ತು ಬರಲಿಲ್ಲ. ಬಂದಾಗ ಕೈಯಾಗ ಹಗ್ಗ ಇತ್ತು, ತೊಲಿಗೆ ತಾನ ತೊಟ್ಟಿಲು ಕಟ್ಟಿದ. ಓಣಿಯ ಹೆಂಗಸರೆಲ್ಲ ಬಂದು ಜೋಗುಳ ಹಾಡಿದರು, ಗುಗ್ಗರಿ ಹಂಚಿದರು. ಅಮೂಲ್ಯ ಅಂತ ಹೆಸರಿಟ್ಟರು.

ಪ್ರತಿ ವರ್ಷ ಈ ಹೊತ್ತಿಗೆ ತಾತ ಹಿಂಡು ಹೊಡಕೊಂಡು ನಾಗಲದಿನ್ನೆ ಹೊಳಿದಂಡಿಗೆ ಹೋಗತಾನ. ಈ ಸಲ ತಮ್ಮ ಬಜಾರಪ್ಪನ್ನ ಕಳಿಸಿ ತಾನು ಉಳಕೊಂಡ. ಮುಂಜಾನೆ ಬಿಸಿಲಿಗೆ ಕೂಸನ್ನ ಕಂಬಳ್ಯಾಗ ಸುತ್ತಿಕೊಂಡು ಹಟ್ಟಿಯಾಗ ಉಳಿದ ಈದ ಕುರಿಗಳನ್ನ ಒಂದೊಂದ ತೋರಿಸಿ ಪರಿಚಯ ಮಾಡಿಸತಿದ್ದ. ಆಕಿ ಅವನ ಒರಟು ಬೆರಳು ಹಿಡದರ ಬಿಡತಿರಲಿಲ್ಲ. ಮುಂದ ನೋಡಿದರಾತು ಅನ್ನೋ ಮಾತು ಆ ಮನಿಯಾಗ ಯಾರ ಬಾಯಾಗೂ ಬರಲಿಲ್ಲ.

ಇಪ್ಪತ್ಮೂರನೇ ದಿನ ಮಧ್ಯಾಹ್ನ, ಹಾಲು ಕುಡದು, ಅಶ್ವಿನಿ ತೊಡಿಮ್ಯಾಲೆ ಕೂಸು ಹೋತು. ನಾನು ಓಡಿಹೋದಾಗ ತಾತ ಬಾಗಿಲಾಗ ನಿಂತಿದ್ದ. "ನಮ್ಮ ಅಮೂಲ್ಯ ಹೋದಳು ಮೇಡಮ್" ಅಂದ.

ನಿನ್ನೆ ಅಶ್ವಿನಿನ್ನ ನೋಡಾಕ ಹೋಗಿದ್ದೆ. ಅತ್ತು ಅತ್ತು ದನಿ ಬಿದ್ದೈತಿ. ಆದರ ಎದ್ದು ರೊಟ್ಟಿ ಬಡೀತಿದ್ದಳು. ನನ್ನ ಕೂಸಿಗೆ ಮಾಡೋದು ಏನೂ ಬಾಕಿ ಉಳಿಸಿಲ್ಲ ಅಕ್ಕ ಅಂದಳು.

ಅಮೂಲ್ಯ ಹೋದಳು ಅಂತ ಆ ಇಪ್ಪತ್ಮೂರು ದಿನ ಸುಳ್ಳಾಗಲಿಲ್ಲ, ಹರ್ಷಿತಾ. ಕುಡದ ಹಾಲು ಕುಡದದ್ದ, ಹಿಡದ ಬೆರಳು ಹಿಡದದ್ದ. ಸೂರ್ಯ ಆರಿದ ಮ್ಯಾಲೂ ಅದನ್ನ ಯಾರೂ ವಾಪಸ್ ಕಸಗೊಳ್ಳಾಕ ಆಗೋದಿಲ್ಲ. ಎಲ್ಲಾ ಮುಗೀತೈತಿ ಅನ್ನೋದು ಗೊತ್ತಾದರ ನಾಳೆಗೆ ದೂಡೋದನ್ನ ಬಿಡಬೇಕು, ಮಾಡೋದನ್ನ ಬಿಡಬಾರದು. ನನಗ ತಿಳದದ್ದು ಇಷ್ಟ, ಇದರಾಗ ನನಗ ಅನುಮಾನ ಇಲ್ಲ.

ಫಿಜಿಕ್ಸ್ ಒಗ್ಗದಿದ್ದರ ಬಿಡು, ನಾನು ಬೈಯೋದಿಲ್ಲ. ನಕ್ಷತ್ರದ ನೆವ ಮಾಡಿ ಮಾತ್ರ ಬಿಡಬ್ಯಾಡ. ಮರುಪರೀಕ್ಷೆ ಇಡತೀವಿ ಅಂತ ವಾರ್ಡನ್ ಮೇಡಮ್ ಒಪ್ಪ್ಯಾರ. ಬರೋ ಭಾನುವಾರ ಅಪ್ಪ ಬರತಾರ, ಆದೋನಿಯಿಂದ ನಿನಗ ಸ್ವೆಟರ್ ತರತಾರ. ಹೊಟ್ಟಿತುಂಬ ಉಣ್ಣು, ತಲಿ ಬಾಚಿಕೋ. ಉರುಕುಂದ ಈರಣ್ಣಸ್ವಾಮಿ ನಿನ್ನ ಕಾಯಲಿ, ನಿನ್ನ ದಿನಗಳೆಲ್ಲ ತುಂಬಿರಲಿ.

ನಿಮ್ಮಮ್ಮ,
ಶಿವಲೀಲಾ

ತಾ.ಕ.: ಇದನ್ನ ನಿನಗ ಯಾವತ್ತೂ ಹೇಳಿಲ್ಲ. ನಿನಗಿಂತ ಮೊದಲು ನನಗ ಒಬ್ಬ ಮಗ ಹುಟ್ಟಿದ್ದ. ಆರು ದಿನ ಇದ್ದ. ಉಳಿಯೋದಿಲ್ಲ ಅಂತ ಮೊದಲನೇ ದಿನನ ಹೇಳಿದ್ದರು. ಎತ್ತಿಕೊಂಡರ ಮರಿಯಾಕ ಆಗೋದಿಲ್ಲ ಅಂತ ಹಿರಿಯರು ಅಂದರು. ನಾನೂ ಜಾಣತನ ಅಂದುಕೊಂಡು ಎತ್ತಿಕೊಳ್ಳಲಿಲ್ಲ, ಆ ಕಡೆ ತಿರುಗಲೂ ಇಲ್ಲ. ಮರಿಯಾಕಂತೂ ಆಗಲಿಲ್ಲ. ಅವನ ಮೂಗು ಥೇಟ್ ನಿನ್ನ ಮೂಗಿನಂಗ ಇತ್ತು ಅಂತ ನಿಮ್ಮಪ್ಪ ಅಂತಾರ. ನನಗ ಗೊತ್ತಿಲ್ಲ. ನಾನು ನೋಡಲಿಲ್ಲ.